ಹದಿನಾಲ್ಕನೇ ನಿಮಿಷ

ಯಾದಗಿರಿ ಸ್ಟೇಷನ್ ರೋಡಿನಾಗ ನಂದೊಂದು ಸಣ್ಣ ದುಕಾನ.
ಜೆರಾಕ್ಸ್, ಪಹಣಿ, ಪಾಸ್‌ಪೋರ್ಟ್ ಸೈಜಿನ ಫೋಟೊ,
ಮತ್ತ ಓಡಲಾರದ ವಿಡಿಯೊ ಓಡಿಸಿ ಕೊಡೂದು.
ಬರಾವ್ರು ಭಾಳ ಮಂದಿ ಫೈಲಿನ ಬಾಲ ತಿದ್ದಿಕೊಂಡೇ ಬರ್ತಾರ,
ಎವಿಐ ಅಳಿಸಿ ಎಂಪಿ-ಫೋರ್ ಅಂತ ಬರದು.
ಆದ್ರೂ ಯಾಕ ಓಡವಲ್ದು ಅಂತ ನನಗೇ ಬೈತಾರ.
ಬಿಸ್ಕೀಟಿನ ಡಬ್ಬ್ಯಾಗ ಕಡಕ್ ರೊಟ್ಟಿ ಇಟ್ಟೀರಿ,
ಮ್ಯಾಲಿನ ಚಿತ್ರ ನೋಡಿ ಕೂಸು ಕೈ ಹಾಕಿದ್ರ
ಬಿಸ್ಕೀಟು ಬರ್ತದೇನ್ರೀ?

ಮೇ ತಿಂಗಳ. ಹನ್ನೆರಡಕ್ಕ ಹೋದ ಕರೆಂಟು
ಎರಡಕ್ಕ ಬಂದಿತ್ತು. ಗುಡ್ಡದ ಮ್ಯಾಲಿನ ಕೋಟಿ
ಹಂಚಿನಂಗ ಕಾದಿತ್ತು.
ಹತ್ತಿಕುಣಿ ಭೀಮಶ್ಯಾ ಬಂದ, ಬೆನ್ನಿಗೆ ಅವನ ಸಣ್ಣವ್ವ ದೇವಕೆಮ್ಮ.
ಆಕಿ ಸೆರಗಿನ ಗಂಟಿನಾಗ ಪೆನ್ ಡ್ರೈವು,
ಎಲಿ ಅಡಕಿ ಜೋಡಿ, ಸುಣ್ಣ ಹತ್ತಿದ್ದು.
"ಸ್ಟುಡಿಯೋದವ ಬಾಗಲಾ ಹಾಕ್ಕೊಂಡು ಹೋಗ್ವಾಗ
ಇಷ್ಟು ಕೊಟ್ಟು ಹೋದ. ಅಕ್ಕನ ಮದಿವಿದು.
ನಮ್ಮವ್ವ ಇದರಾಗ ಇದ್ದಾಳ್ರೀ.
ಮೊಬೈಲಿನ್ಯಾಗ ಬರೇ ಕರ್ರಗ ಬರ್ತದ,
ಟಿವಿ ಅಂತೂ ಫೈಲೇ ಇಲ್ಲ ಅಂತದ."

ಸುಣ್ಣ ಒರಸಿ ಚುಚ್ಚಿದೆ.
ಚಿತ್ರ ಬಂತು: ಹಂದರ, ಸುರಗಿ, ತಂಬಿಗಿ ಸುತ್ತ ನೂಲು,
ಮಂದಿ ಮಾರಿ ಚೌಕ ಚೌಕ ಒಡದು ಮತ್ತ ಕೂಡೂದು.
ದನಿ ಬರಲಿಲ್ಲ.
"ಕೋಡೆಕ್ ಹಾಕಬೇಕ್ರೀ, ಹತ್ತು ನಿಮಿಷ," ಅಂದೆ.
ನೆಟ್ಟು ಕುಂಟಕೋತ ನಡದಿತ್ತು.

ಅಷ್ಟರಾಗ ದೇವಕೆಮ್ಮ ಸ್ಟೂಲು ಎಳಕೊಂಡು
ಮಾನಿಟರಿಗೆ ಮೂಗು ಹಚ್ಚಿದಂಗ ಕುಂತಳು.
ದನಿ ಇಲ್ರೀ ಅಂತ ಮತ್ತ ಹೇಳಿದೆ. ನಕ್ಕಳು.
ಭೀಮಶ್ಯಾ ಕಿವಿ ಮುಟ್ಟಿ ಕೈ ಆಡಿಸಿದ:
ಒಂಬತ್ತು ವರ್ಷದಾಕಿ ಇದ್ದಾಗ ಜ್ವರ ಬಂದು ಹೋದವಂತ, ಎರಡೂ.

ಹದಿನಾಲ್ಕನೇ ನಿಮಿಷಕ್ಕ
ಅರಿಶಿಣದ ಕೈಯಿ, ಹಸರ ಇಳಕಲ್ ಸೀರಿ, ಒಬ್ಬಾಕಿ
ಕ್ಯಾಮರಾ ಬಿಟ್ಟು ಅದರ ಬಾಜೂಕ ನೋಡಿ
ತುಟಿ ಆಡಿಸಿ ಹೋದಳು. ಮೂರು ಸೆಕೆಂಡ್ ಇರಬೇಕು.
"ಸಾಬಮ್ಮಕ್ಕ," ಅಂದಳು ದೇವಕೆಮ್ಮ, ಓಣಿಗೆಲ್ಲ ಕೇಳೂವಂಗ.
"ಹುಗ್ಗಿ ತಳ ಹತ್ತ್ಯಾದ, ಬೀಗರಿಗೆ ಹೇಳಬ್ಯಾಡ,
ನೀ ಮೊದಲನೇ ಪಂಕ್ತಿಗೇ ಕುಂಡ್ರು, ಅಂತಾಳ."
ಹಿಂದ ತಿರುವಂದಳು. ಮತ್ತ. ಮತ್ತ. ನಾಕು ಸಲ.
ಭೀಮಶ್ಯಾ ಸುಮ್ಮನಾದ.
ಅವ್ವ ಹೋಗಿ ಆರು ವರ್ಷ, ಮದಿವಿ ಆಗಿ ಹದಿನೆಂಟು.
ಹುಗ್ಗಿ ತಳ ಹತ್ತಿದ್ದು ಆ ಮನ್ಯಾಗ ಇನ್ನೊಬ್ಬರಿಗೆ ಗೊತ್ತಿದ್ದಿಲ್ಲ.

ಕೋಡೆಕ್ ಇಳೀತು. ದನಿ ಬಂತು.
ಸಿನಿಮಾ ಹಾಡು.
ಸ್ಟುಡಿಯೋದವ ಮಂದಿ ಮಾತೆಲ್ಲ ಅಳಿಸಿ
ನಾಕು ಹಾಡು ಅಂಟಿಸಿದ್ದ, ಮುಗದ್ರ ಮತ್ತ ಮೊದಲಿಂದ.
ಸಾಬಮ್ಮನ ತುಟಿಗೆ ಯಾವಾಕಿದೋ ಎಳೇ ದನಿ.
ಭೀಮಶ್ಯಾನ ಕಾಲು ತಾವಾಗೇ ತಾಳ ಹಾಕಲಿಕ್ಕೆ ಹತ್ತಿದ್ವು.
ಆಕಿ ಕಾಲು ನೋಡಿದಳು. "ಏನ್ ಬಂತು?"
"ಹಾಡು."
"ಯಾರ್ದು? ಅಲ್ಲಿ ಯಾರೂ ಹಾಡವಲ್ರಲ್ಲ."

ಎರಡು ಕಾಪಿ ಮಾಡಿದೆ. ಅವನಿಗೆ ಹಾಡಿಂದು,
ಆಕಿಗೆ ಬರೇ ಚಿತ್ರದ್ದು, ಸೈಜೂ ಕಡಿಮಿ.
ನಲವತ್ತು ರೂಪಾಯಿ ಎಣಿಸಿ ಇಟ್ಟು, ಬಾಗಲದಾಗ ತಿರುಗಿ ನಿಂತಳು:
"ನನ್ ಕೂಡ ಮಾತಾಡ್ವಾಗ ಅಕ್ಕ ದನಿ ತೆಗೀತಿದ್ದಿಲ್ಲ, ತಮ್ಮಾ.
ಗಂಟಲಾ ಮುಟ್ಟಿ ನೋಡೀನಿ. ಅದುರ್ತಿದ್ದಿಲ್ಲ."

ರಾತ್ರಿ ಶಟರ್ ಅರ್ಧ ಇಳಿಸಿ
ನನ್ನ ಡ್ರೈವಿನಾಗ ಉಳದಿದ್ದನ್ನ ಹಚ್ಚಿದೆ.
ರಾಯಚೂರ ಕಡೆ ಗೂಡ್ಸ್ ಹೋತು, ಮಾನಿಟರ್ ಅಲುಗಿತು.
ಕಾಲುಪಟ್ಟು ಸಾವಕಾಶ ಮಾಡಿ ನೋಡಿದೆ.
ತುಟಿ ದುಂಡಗಾಗೂದು ಎರಡು ಕಡೆ ಅದ.
ಒಂದು ಹುಗ್ಗಿ ಇರಬೇಕು, ಇನ್ನೊಂದು ಕುಂಡ್ರು.
ಯಾವುದು ಯಾವುದಂತ
ಇನ್ನಾ ಸಿಗವಲ್ದು.