ಬಟ್ಟೆಯ ಸರೋವರ

ಒಂಬತ್ತು ಬೆಳಗು ಕಾದೆ, ಬೇಲೂರಿನ ಗುಡಿಯಂಗಳದಲ್ಲಿ.
ಹತ್ತನೆಯ ಬೆಳಗು ಬಿಸಿಲು
ಶಿಲೆಯ ಹುಡುಗಿಯ ಮೊಣಕೈಯಿಂದ ಜಾರಿ
ಕತ್ತಿನ ಸರಕ್ಕೆ ಬಂತು. ಒತ್ತಿದೆ.
ಅಷ್ಟೆ. ಆಮೇಲೆ ಮೋಡ.

ಈ ಜನವರಿ, ಪ್ರವಾಸಿಯೊಬ್ಬಳು
ನೆನಪಿಗಿರಲಿ ಅಂತ ಕೊಟ್ಟು ಹೋದ ಕ್ಯಾಲೆಂಡರು,
ಹ್ಯಾಂಬರ್ಗಿನಲ್ಲಿ ಅಚ್ಚಾದದ್ದು.
ಜೂನ್ ತಿಂಗಳ ನೆತ್ತಿಯ ಮೇಲೆ ನನ್ನ ಬಿಸಿಲು!
ನನ್ನ ಹೆಸರಿಲ್ಲ.
ಪೀಠದಡಿ ಹಳಗನ್ನಡದಲ್ಲಿದ್ದ
ಕೆತ್ತಿದವನ ಹೆಸರೂ ಇಲ್ಲ, ಕತ್ತರಿಸಿದ್ದಾರೆ.

ಹಾಸನದ ಕೋರ್ಟಿನ ಹಿಂದೆ
ಜೆರಾಕ್ಸ್ ಅಂಗಡಿಯ ಮಾಳಿಗೆ, ವಕೀಲೆ ಅನಂತಮತಿ:
"ಕೆತ್ತಿದವನು ಹೋಗಿ ಒಂಬೈನೂರು ವರ್ಷ,
ಕಲ್ಲು ಈಗ ಎಲ್ಲರದ್ದು.
ಬಿಸಿಲಿಗೆ ಯಾರೂ ಖಾತೆ ಮಾಡಿಸಿಲ್ಲ.
ಆದರೆ ಕಾದಿರಲ್ಲ, ಆ ಚಿತ್ರ ನಿಮ್ಮದು.
ಒತ್ತಿದ ಗಳಿಗೆಗೇ ನಿಮ್ಮದಾಯ್ತು,
ಸಬ್ ರಿಜಿಸ್ಟ್ರಾರ್ ಬೇಡ, ಮುದ್ರೆ ಬೇಡ."

"ಸಮುದ್ರದ ಆಚೆಗೂ?"

"ಆಚೆಗೂ. ದೇಶ ದೇಶ ಮಾತು ಕೊಟ್ಟುಕೊಂಡಿವೆ,
ನಿನ್ನವರು ನನಗೆ ನನ್ನವರಂತೆ,
ನನ್ನವರು ನಿನಗೆ ನಿನ್ನವರಂತೆ.
ಕೊಟ್ಟು ತರೋ ಸಂಬಂಧ ಅನ್ನಿ.
ನೋಟೀಸಿಗೆ ಎರಡೂವರೆ ಸಾವಿರ,
ಜರ್ಮನ್ ತರ್ಜುಮೆ ಬೇರೆ."

ರಾತ್ರಿ ಸ್ಟುಡಿಯೋದಲ್ಲಿ ಕೂತು
ವಿವರ ಬರೆಯುತ್ತಿದ್ದೆ, ತಾರೀಖು, ಹೊತ್ತು.
ಬೆನ್ನ ಹಿಂದೆ ತೂಗುತ್ತಿತ್ತು ಪರದೆ:
ನೀಲಿ ಸರೋವರ, ಹಿಮದ ಗುಡ್ಡ, ಒಂದೇ ಒಂದು ದೋಣಿ.
ಅಪ್ಪನ ಕಾಲದಲ್ಲಿ ಪೇಂಟರ್ ಬೋರಲಿಂಗ
ಯಾವುದೋ ಸ್ವಿಸ್ ಗಡಿಯಾರ ಕಂಪನಿಯ ಕ್ಯಾಲೆಂಡರಿಗೆ
ಚೌಕ ಚೌಕ ಗೆರೆ ಎಳೆದು
ಹದಿನೇಳು ದಿನ ಕೂತು ಇಳಿಸಿದ್ದು.
ಅರೇಹಳ್ಳಿ, ಗೆಂಡೇಹಳ್ಳಿ, ಬಿಕ್ಕೋಡು,
ಎಲ್ಲ ಕಡೆಯ ಮದುಮಕ್ಕಳೂ
ಆ ಹಿಮದ ಬುಡದಲ್ಲಿ ನಿಂತು ಬೆವರಿದ್ದಾರೆ.
ಮೂಲೆಯಲ್ಲಿ ಕೆಂಪಕ್ಷರ,
'ಬೋರಲಿಂಗ ಆರ್ಟ್ಸ್, ಬೇಲೂರು'.
ಫೋನ್ ನಂಬರು ಮೂರೇ ಅಂಕಿ.

ದೋಣಿ ಸರಿಯಾಗಿ ಅಲ್ಲಿಗೆ ಬರಲೆಂದು
ಯಾರೋ ಒಬ್ಬ ಆ ದಡದ ಚಳಿಯಲ್ಲಿ
ಎಷ್ಟು ಬೆಳಗು ಕಾದಿದ್ದನೋ.
ಅಂಚಿನಲ್ಲಿ ಅವನ ಹೆಸರಿದ್ದಿರಬೇಕು, ಸಣ್ಣಕ್ಕೆ.
ಬೋರಲಿಂಗನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.
ಅಪ್ಪನಿಗೆ ಬರುತ್ತಿತ್ತು.

ನೋಟೀಸು ಕಳಿಸಿದೆ.
ಕಳಿಸದೆ ಬಿಡುವಷ್ಟು ದೊಡ್ಡವನಲ್ಲ ನಾನು,
ಒಂಬತ್ತು ಬೆಳಗು ಬಿಟ್ಟಿ ಬಿದ್ದಿರಲಿಲ್ಲ.
ಪರದೆಯನ್ನು ಮಾತ್ರ ಸುತ್ತಿ
ಅಟ್ಟಕ್ಕೆ ಹಾಕಿದೆ.

ನಿನ್ನೆ ಬಿಕ್ಕೋಡಿನಿಂದ ಜೋಡಿಯೊಂದು ಬಂತು.
ಬರೀ ಗೋಡೆ ನೋಡಿ ಹುಡುಗಿಯ ಮುಖ ಇಳಿಯಿತು.
"ನಮ್ಮಮ್ಮ ನಿಂತಿದ್ಳಲ್ಲ ಸಾರ್,
ಆ ಕೆರೆ ಎಲ್ಲಿ?"