ಸೀಟಿನ ಮ್ಯಾಲ ಒಂದು ಮೆಣಸಿನಕಾಯಿ

ರಾತ್ರಿ ಹತ್ತೂ ನಲವತ್ತಕ್ಕ ಹರಾಜು ಮುಗೀತೈತಿ ಅಂತ
ಫೋನು ಕೆಂಪಗ ಸೆಕೆಂಡು ಎಣಸತಿತ್ತು.
ಉಣಕಲ್ಲ ರೊಟ್ಟಿ ಕೇಂದ್ರದಾಗ, ಹಂಚಿನ ಮುಂದ,
ಹಿಟ್ಟು ಮೆತ್ತಿದ ಬೊಟ್ಟಿನಿಂದ
ಇನ್ನೂರು ಏರಿಸಿದೆ.
ಒಂದು ಗೀರಿಲ್ಲದ ನೀಲಿ ಸೈಕಲ್ಲು. ಮುಂದ ಬುಟ್ಟಿ.
ಬುಟ್ಟ್ಯಾಗ ಎಪ್ಪತ್ತು ರೊಟ್ಟಿ ಕುಂದರತಾವು,
ಏಳಕ್ಕ ಹಾಸ್ಟೆಲ್ಲು ಮುಟ್ಟತಾವು,
ಆಟೋದ ನಲವತ್ತು ಉಳೀತಾವು.
ಲೆಕ್ಕದಾಗ ಒಂದು ರೊಟ್ಟಿ ಹೊತ್ತಿಸಿದೆ.

ಮಾರಾಂವ ಬ್ಯಾಡಗಿಯಾಂವಂತ. ಹೆಸರು ಬರೇ ‘ಸುಭೇದಾರ’.
ಗಡಿಗೆ ವರ್ಗ ಆಗೇತಿ, ಅಕ್ಕಾರ,
ಹರಾಜು ಬಿಡ್ರಿ, ನಿಮಗಂತ ಎರಡು ಸಾವಿರಕ್ಕ ಕೊಡತೀನಿ,
ಮದಲ ಅರ್ಧಾ ಹಾಕ್ರಿ.
ಆ ‘ಅಕ್ಕಾರ’ಕ್ಕ
ಅರ್ಧಾ ಕರಗಿದ್ದೆ, ಖರೇ ಹೇಳತೀನಿ.

ಮುಂಜಾನೆ ಖತಾಲಸಾಬನ ಪಂಕ್ಚರ್ ಅಂಗಡಿ.
ಆಂವ ಸೈಕಲ್ ನೋಡಲಿಲ್ಲ,
ಸೈಕಲ್ಲಿನ ಹಿಂದ ನೋಡಿದ.
“ಬ್ಯಾಡಗ್ಯಾಗ ಸಮುದ್ರ ಯಾವಾಗ ಬಂತವಾ?”
ಚಕ್ರದ ಕಡ್ಡಿ ನಡುವ, ತೆಳ್ಳಗ,
ಒಂದು ಗೆರಿ ನೀರು. ಒಂದು ದೋಣಿ.
ರಾತ್ರಿಯೆಲ್ಲಾ ನಾನು ಬುಟ್ಟೀನ ನೋಡಿದ್ದೆ.

“ಹೊಸಾ ಫೋಟೋ ಬೇಡು,” ಅಂದ, ಟ್ಯೂಬು ನೀರಾಗ ಅದ್ದಿ
ಗುಳ್ಳಿ ಎಲ್ಲಿ ಏಳತಾವು ಅಂತ ಕಾಯಕೋತ.
“ಬ್ಯಾಡಗಿಯಾಂವಗ ಮೆಣಸಿನಕಾಯಿಗೆ ಬರಾನ?
ಸೀಟಿನ ಮ್ಯಾಲ ಒಂದು ಇಡು ಅನ್ನು.
ಗಾಡಿ ಬೋರಲಾ ಹಾಕಿ
ಪೆಡಲಿನ ಬುಡಕ ಕೊರದ ನಂಬರು ತೋರಸು ಅನ್ನು.
ನಂಬರು ತಿಕ್ಕಿದ್ರ ಕದ್ದ ಮಾಲು,
ತೋರಸದಿದ್ರ ಮಾಲೇ ಇಲ್ಲ.”

“ದೇಶ ಕಾಯಾಂವನ ಮ್ಯಾಲ ನಂಬಿಕಿ ಇಲ್ಲೇನ್ರಿ?”
ಅಂತ ಬಂತು ಉತ್ತರ. ಬೆನ್ನಿಗೇ ಒಂದು ಕಪ್ಪು-ಬಿಳಿ ಚೌಕ:
ಸ್ಕ್ಯಾನ್ ಮಾಡಿ ಪಿನ್ ಒತ್ತ್ರಿ, ಗಾಡಿ ಬಾಡಿಗಿ
ಐದ್ನೂರು ನಿಮಗ ಬರತೈತಿ.
ನನ್ನ ಮನಿಗೆ ರೊಕ್ಕ ಬರೂದಿದ್ರ
ನನ್ನ ಟ್ರಂಕಿನ ಕೀಲಿ ನಿನಗ್ಯಾಕ?
‘ಮೆಣಸಿನಕಾಯಿ?’ ಅಂತಷ್ಟ ಬರದೆ.
ಎರಡು ನೀಲಿ ಗೆರಿ ಬಂದವು.
ಆಂವ ಬರಲಿಲ್ಲ.

ಹನ್ನೊಂದು ದಿನಕ್ಕ ನವಲೂರಿಂದ ಒಂದು ಹಸರು ಸೈಕಲ್ಲು.
ಜಂಗು ತಿಂದ ರಿಮ್ಮು. ಒಂದು ಪೆಡಲಿಗೆ ರಬ್ಬರಿಲ್ಲ.
ಕೆಳಗ ಬರದಿತ್ತು: ಬ್ರೇಕು ಚೀರತೈತಿ,
ಹಿಂದಿನ ಟಾಯರು ಎರಡು ತಿಂಗಳು ಬಂದ್ರ ಭಾಳ.
ತನ್ನ ಮಾಲು ಇಷ್ಟು ಬೈಕೊಳ್ಳಾಕಿ ಕಳ್ಳಿ ಇರಲಿಕ್ಕಿಲ್ಲ.
ಆದ್ರೂ ಕೇಳಿದೆ.
“ಮೆಣಸಿನಕಾಯಿ ತೀರ್‍ಯಾವು. ಪ್ಯಾರಲ ನಡದೀತೇನ?”
ಸೀಟಿನ ಮ್ಯಾಲ ಪ್ಯಾರಲ, ಒಂದು ಮಗ್ಗಲ ಗಿಳಿ ಕಚ್ಚಿದ್ದು.

“ಈಗ ನೀವು ಹೇಳ್ರಿ,” ಅಂದ್ಲು ಗೋದೂಬಾಯಿ ಪತ್ತಾರ.
“ರೊಕ್ಕ ಹಾಕೇನಿ ಅಂತ ಸುಳ್ಳು ಮೆಸೇಜ್ ತೋರಿಸಿ
ಒಬ್ಬಾಂವ ನನ್ನ ಹೊಲಿಗಿ ಮಷಿನ್ ಒಯ್ದ.
ನೀವು ಖರೇ ಅದೀರಿ ಅಂತ ನಾ ಹೆಂಗ ನಂಬಲಿ?”

ಇದನ್ನ ನಾ ಯೋಚಿಸಿದ್ದೇ ಇಲ್ಲ.
ಅಂಗೈ ಬಿಚ್ಚಿ ಫೋಟೋ ತಗದು ಕಳಸಿದೆ:
ಹಿಟ್ಟು, ಎರಡು ಸುಟ್ಟ ಬೊಟ್ಟು,
ನಡುವ ಒಂದು ಕೆಂಪು ಮೆಣಸಿನಕಾಯಿ.

ಆಯಿತವಾರ ಚಿಗರಿ ಬಸ್ಸು ಹತ್ತಿ ಹೋದೆ.
ಆಕಿ ನೋಟು ಒಂದೊಂದಾಗಿ ಬಿಸಲಿಗೆ ಹಿಡದ್ಲು,
ಒರಿಗಲ್ಲಿನ ಮನಿತನದಾಕಿ.
ನಾನು ಸೈಕಲ್ ಬೋರಲಾ ಹಾಕಿ
ಉಗಳು ಹಚ್ಚಿ ಮಣ್ಣು ತಿಕ್ಕಿ ನಂಬರು ಓದಿದೆ,
ಚೀಟ್ಯಾಗ ಬರಕೊಂಡೆ, ಇಬ್ರೂ ಸಹಿ ಹಾಕಿದ್ವಿ.
ಯಾರೂ ನಾಚಲಿಲ್ಲ.
ಆಮ್ಯಾಲ ಚಾ. ಆಮ್ಯಾಲ ನಾಕು ಪ್ಯಾರಲ.

ಉಣಕಲ್ಲ ಇಳಿಜಾರಿನ್ಯಾಗ ಬ್ರೇಕು ಹಿಡದೆ.
ಚೀರತು,
ಆಕಿ ಬರದಂಗ.