ಮಂಡಕ್ಕಿ ಡಬ್ಬಿಯ ಕೂಸು

ಆಗಮನ ಕಾಲದ ಮೊದಲ ಭಾನುವಾರ
ಪೂಜೆ ಮುಗಿದು, ನಾಲ್ಕರಲ್ಲಿ ಒಂದೇ ನೇರಳೆ ಬತ್ತಿ ಉರಿಯುತ್ತಿರುವಾಗ
ಅರುಳಪ್ಪ ಹಿಂಬಾಗಿಲಿಗೆ ಕರೆದು
ಹಳೆಯ ಪೀಠವಸ್ತ್ರದಲ್ಲಿ ಸುತ್ತಿದ್ದನ್ನು ಕೈಗಿಡುತ್ತಾನೆ.
'ಜ್ವಾಕಿ ಲೂರ್ದಕ್ಕ, ಇಲ್ಲಿ ಇಲಿ ಬಾಳ.'

ಹನ್ನೊಂದು ವರ್ಷದಿಂದ ಹೀಗೆ,
ಚರ್ಚಿನ ಇಲಿಗಳಿಗೆ ಹೆದರಿ
ಬಾಲಯೇಸು ನಮ್ಮ ಮನೆಗೆ ಬರುತ್ತಾನೆ, ಆಟೋದಲ್ಲಿ, ಮಡಿಲಲ್ಲಿ,
ಹಳೇ ಬಸ್‌ಸ್ಟ್ಯಾಂಡ್ ದಾಟಿ, ಮುಚ್ಚಿದ ಮಿಲ್ಲಿನ ಉದ್ದ ಗೋಡೆ ದಾಟಿ.
ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದ ಈ ಸಲದ ಆಟೋದವನು
ಕನ್ನಡಿಯಲ್ಲಿ ನೋಡಿ, 'ಮಗು ಮಲಗೈತೇನ್ರಿ' ಅಂತ
ಗುಂಡಿ ಗುಂಡಿಗೂ ನಿಧಾನ ಇಳಿಸಿದ.
ನಾನು ತಿದ್ದಲಿಲ್ಲ.

ಜೈತೂನ್‌ಬಿಯ ಭಟ್ಟಿಯಲ್ಲಿ ಮರಳು ಕಾದಿರುತ್ತದೆ.
ಹೊಟ್ಟಿನ ಹೊಗೆಗೆ ಅವಳ ಕಣ್ರೆಪ್ಪೆಯೂ ಬೂದಿ.
'ಎರಡು ಸೇರು ಕೊಡು, ಬಿಸಿ ಆರಿದ್ದು.'
'ಮರಿಯಮ್ಮನ ಕೂಸಿಗಾ?'
ಹ್ಞೂಂ ಅಂದರೆ ಮುಗಿಯಿತು, ದುಡ್ಡು ಮುಟ್ಟುವುದಿಲ್ಲ;
ಬಾಣಂತಿ ಮನೆಗೆ ಕೊಟ್ಟ ಹಾಗೆ
ಇನ್ನೊಂದು ಹಿಡಿ ಮೇಲೆ ಸುರಿಯುತ್ತಾಳೆ.

ತಗಡಿನ ಡಬ್ಬಿ. ತಳಕ್ಕೆ ಮಂಡಕ್ಕಿ, ನಡುವೆ ಅವನು,
ಮೇಲೆ ಮತ್ತೆ ಮಂಡಕ್ಕಿ.
ಹುಲ್ಲಿಗಿಂತ ಹಗುರ, ಹತ್ತಿಯಂತೆ ಬಣ್ಣಕ್ಕೆ ಅಂಟುವುದಿಲ್ಲ.
ಡಬ್ಬಿ ಅಲುಗಿದರೆ ಮಾತ್ರ
ಪಕ್ಕದ ಬೆಂಚಿನಲ್ಲಿ ಯಾರೋ ಜಪಸರ ಎಣಿಸಿದಂತೆ ಸರಸರ.

ಅಟ್ಟದ ಮೇಲೆ ಅವನು, ಕೆಳಗೆ ನಮ್ಮ ಡಿಸೆಂಬರು.
ಇನ್ನಾಸಪ್ಪ ಬಿದಿರು ಸೀಳಿ ನಕ್ಷತ್ರ ಕಟ್ಟುತ್ತಾನೆ,
ಯಾವ ವರ್ಷವೂ ಐದು ಮೂಲೆ ಸಮ ಬಂದಿಲ್ಲ, ಒಂದು ಕಾಲು ಕುಂಟು.
ಅದನ್ನೇ ಬೀದಿಗೆ ತಿರುಗಿಸಿ
'ದಾರಿ ತೋರ್ಸೋದು ಈ ಕಾಲೇ' ಅನ್ನುತ್ತಾನೆ.
ರಾತ್ರಿ ಹತ್ತಕ್ಕೆ ಕ್ಯಾರಲ್ಸಿನ ಹುಡುಗರು;
ಚಳಿಗೆ ಸಡಿಲಾದ ಡೋಲಕ್ಕನ್ನು ನಮ್ಮ ಒಲೆಗೆ ಹಿಡಿದು
ಚರ್ಮ ಬಿಗಿಯಾಗುವ ತನಕ ಚಹಾ ಕೇಳುತ್ತಾರೆ.

ಇಷ್ಟೆಲ್ಲ ಹೇಳಿದೆ, ಹೇಳಬೇಕಾದ್ದು ಬಿಟ್ಟು.

ಹೋದ ವರ್ಷ, ಇಪ್ಪತ್ನಾಲ್ಕರ ಸಂಜೆ
ಡಬ್ಬಿಯಿಂದ ಎತ್ತುವಾಗ ಕೈ ಜಾರಿತು.
ಆಶೀರ್ವಾದಕ್ಕೆ ಎತ್ತಿದ ಬಲಗೈಯ ಕಿರುಬೆರಳು,
ಬಣ್ಣ ಸವೆದದ್ದು, ಮಂಡಕ್ಕಿಯೊಳಗೆ ಬಿತ್ತು. ಬಿಳಿಯಲ್ಲಿ ಬಿಳಿ.
ಮೊರದಲ್ಲಿ ಕೇರಿದೆ, ಊದಿದೆ, ಅತ್ತೆ.
ಪೂಜೆಯ ಮೊದಲ ಗಂಟೆ ಹೊಡೆಯಿತು.
ಬತ್ತಿಯ ಮೇಣ ಹನಿಸಿ, ಉರುಟಿ, ಒಂದು ಬೆರಳು ಮಾಡಿ ಅಂಟಿಸಿದೆ.
ಜನ ಸಾಲಲ್ಲಿ ಬಂದು ಪಾದಕ್ಕೆ ಮುತ್ತಿಟ್ಟರು.
ಕೈ ಯಾರೂ ನೋಡಲಿಲ್ಲ.

ಮರುದಿನ ಅದೇ ಮಂಡಕ್ಕಿಗೆ ಒಗ್ಗರಣೆ ಹಾಕಿದೆ,
ಹಸಿಮೆಣಸಿನಕಾಯಿ, ಹುರಿಗಡಲೆ, ಕರಿಬೇವು.
ಚೆಲ್ಲುವುದು ಹೇಗೆ, ಅವನು ಮಲಗಿದ್ದನ್ನು?
ಜೈತೂನ್‌ಬಿಯ ಮೊಮ್ಮಕ್ಕಳು, ಕ್ಯಾರಲ್ಸಿನವರು, ಅರುಳಪ್ಪ,
ಹಾಲಿನ ಬಾಕಿ ಕೇಳಲು ಬಂದವನೂ
ತಿಂದರು.

ಈ ಸಲ ಪಾಪನಿವೇದನೆಗೆ ನಿಂತೆ.
ಫಾದರ್ ಸ್ಟ್ಯಾನಿ ಹೊಸಬರು, ಕರಾವಳಿಯವರು,
ನಮ್ಮ ಮಾತನ್ನು ಎರಡು ಸಲ ಕೇಳಿಸಿಕೊಳ್ಳುತ್ತಾರೆ.
ಎರಡು ಸಲ ಹೇಳಿದೆ.
'ಯಾರ ಹೊಟ್ಟೆಗೆ ಹೋಯಿತು?'
'ಗೊತ್ತಿಲ್ಲ ಸ್ವಾಮಿ. ಎಲ್ರೂ ತಿಂದ್ರು.'
ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಕೆಮ್ಮು.
ಕೆಮ್ಮೋ ನಗೆಯೋ ಆ ಜಾಲರಿಗೇ ಗೊತ್ತು.
'ಮೂರು ನಮೋ ಮರಿಯ' ಅಂದರು. ಎದ್ದಾಗ ಮತ್ತೆ ಕರೆದು,
'ಈ ವರ್ಷವೂ ಒಗ್ಗರಣೆ ಉಂಟಲ್ಲ?'

ಗುಲಾಬಿ ಬತ್ತಿಯೂ ಹತ್ತಿತು. ಇನ್ನು ಒಂಬತ್ತು ದಿನ.
ಗೋದಲಿಯಲ್ಲಿ ಎತ್ತು, ಕುರಿ, ಕೋಲು ಹಿಡಿದ ಜೋಸೆಫರು
ಬಗ್ಗಿ ಬರಿಯ ಹುಲ್ಲನ್ನು ನೋಡುತ್ತಿದ್ದಾರೆ.

ರಾತ್ರಿ ನಳದ ನೀರಿಗೆ ಎದ್ದಾಗ ಅಟ್ಟ ಸರಸರ ಅಂದಿತು.
'ಇಲಿ' ಅಂದ ಇನ್ನಾಸಪ್ಪ, ನಿದ್ದೆಯಲ್ಲೇ.
ಸ್ಟೂಲು ಹಾಕಿ ಡಬ್ಬಿ ಇಳಿಸಿದೆ.
ಮುಚ್ಚಳ ತೆಗೆಯಲಿಲ್ಲ.
ಕೊಡ ತುಂಬಿ ಹರಿಯುತ್ತಿದ್ದರೂ ಏಳದೆ
ತೊಡೆಯ ಮೇಲಿಟ್ಟುಕೊಂಡು ಕೂತೆ,
ಭಟ್ಟಿಯ ಮೊದಲ ಹೊಗೆ ಕಿಟಕಿಗೆ ಬರುವ ತನಕ.